ಕೂಡುವುದೂ ಹೊಂದುವುದೂ

(ಆಕಾಶವಾಣಿ ಭಾಷಣ)

ಮೂವತ್ತು ವರ್ಷಗಳಿಗೂ ಮಿಗಿಲಾಗಿ ಕಾಲೇಜಿನಲ್ಲಿ ಕನ್ನಡ ವ್ಯಾಕರಣವನ್ನು ಬೋಧಿಸಿದವನು ಇಂದು ಮೋಟಾರು ವಾಹನದ ಬ್ರೇಕನ್ನು ಕುರಿತು ಮಾತನಾಡ ಹೊರಟರೆ ಕೇಳುಗರಲ್ಲಿ ಕೆಲವರು ನಗಬಹುದು. ನಗಲಿ. ಈ ವಿಷಯವನ್ನು ನಾನು ಗ್ರಂಥಗಳಿಂದ ಕಲಿತವನಲ್ಲ. ಬಿಸಿಲೆ ಘಾಟಿಯ ಒಂದು ತಿರುವಿನಲ್ಲಿ ಕಲಿತವನು.

ನಮ್ಮ ಊರು ಸಕಲೇಶಪುರ ಸೀಮೆಯ ವನಗೂರು. ಕಾಫಿ, ಏಲಕ್ಕಿ, ಗದ್ದೆಗಳ ನಾಡು. ಮಳೆ, ಮಂಜುಗಳ ನಾಡು. ಇಲ್ಲಿಯ ತೋಟದ ದಾರಿಗಳಲ್ಲಿ ಎತ್ತಿನ ಗಾಡಿಯ ಕಾಲ ಮುಗಿದ ಮೇಲೆ ನಡೆದದ್ದು ಜೀಪಿನ ಆಳ್ವಿಕೆ. ಎರಡನೆಯ ಮಹಾಯುದ್ಧಕ್ಕೆಂದು ಅಮೆರಿಕದಲ್ಲಿ ಹುಟ್ಟಿದ ವಿಲ್ಲೀಸ್ ಜೀಪನ್ನು ಮುಂದೆ ಮಹೀಂದ್ರದವರು ನಮ್ಮಲ್ಲಿ ಜೋಡಿಸತೊಡಗಿದರು. 1985ರ ಕೊನೆಯಲ್ಲಿ ಮಾರುತಿಯವರ ಜಿಪ್ಸಿ ಬಂದಿತು. 1993ರಲ್ಲಿ ಅದರ ಗಾಲಿಗಳ ನಡುವಣ ಅಗಲ ಹೆಚ್ಚಿತು. 1996ರಲ್ಲಿ ದೊಡ್ಡ ಇಂಜಿನ್ನು ಬಂದಿತು. 2019ರ ಹೊತ್ತಿಗೆ ಜನಸಾಮಾನ್ಯರಿಗೆ ಅದರ ಮಾರಾಟವೇ ನಿಂತಿತು. ಆದರೆ ಮಲೆನಾಡಿನ ಕೊಟ್ಟಿಗೆಗಳಲ್ಲಿ ಅದು ಇನ್ನೂ ಬದುಕಿದೆ. ಬದುಕಿರುವ ಹಳೆಯ ವಾಹನಕ್ಕೆ ಬಿಡಿಭಾಗ ಬೇಕು. ತೊಡಕು ಅಲ್ಲಿಯೇ.

ನನ್ನ ತಮ್ಮನ ಮಗನ ಬಳಿ ಅಂಥದೊಂದು ಹಳೆಯ ಜಿಪ್ಸಿಯಿದೆ. ಅದರ ಮುಂದಿನ ಗಾಲಿಗಳಿಗೆ ಡಿಸ್ಕ್ ಬ್ರೇಕು, ಹಿಂದಿನವಕ್ಕೆ ಡ್ರಮ್ಮು. ಡಿಸ್ಕುಗಳು ಸವೆದು ಗೆರೆಬಿದ್ದಿದ್ದವು. ಪೇಟೆಯ ಒಂದು ಅಂಗಡಿಯಲ್ಲಿ "ಇದೇ ಗಾಡಿಯದು" ಎಂದು ಕೊಟ್ಟದ್ದನ್ನು ತಂದು ಹಾಕಿಸಿದೆವು. ತೂತುಗಳು ಕೂಡಿದವು, ಬೋಲ್ಟುಗಳು ಬಿಗಿದವು. ಗಾಲಿ ತಿರುಗಿಸಿದಾಗ ಸಣ್ಣಗೆ ಉಜ್ಜುವ ಸದ್ದು ಕೇಳಿಸಿತು. "ಓಡಿದರೆ ಸವೆದು ಸರಿಹೋಗುತ್ತದೆ" ಎಂದರು. ನಾವೂ ನಂಬಿದೆವು.

ಆ ವಾರವೇ ಮನೆಮಂದಿಯೆಲ್ಲ ಕೂಡುರಸ್ತೆಯ ಮೂಲಕ ಬಿಸಿಲೆ ಘಾಟಿಯಿಳಿದು ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೊರಟೆವು. ಅರ್ಧ ಇಳಿಯುವಷ್ಟರಲ್ಲಿ ಸುಟ್ಟ ವಾಸನೆ. "ದೊಡ್ಡಪ್ಪ, ಪೆಡಲು ಮೆತ್ತಗಾಗುತ್ತಿದೆ" ಎಂದ ಹುಡುಗ. ಮುಂದಿನ ತುಳಿತಕ್ಕೆ ಅದು ತಳಕ್ಕೇ ಇಳಿಯಿತು. ಅವನು ಗೇರು ಇಳಿಸಿ, ಕೈಬ್ರೇಕು ಎಳೆದು, ಗುಡ್ಡದ ಬದಿಯ ಚರಂಡಿಗೆ ಗಾಲಿಯನ್ನು ಇಳಿಸಿ ನಿಲ್ಲಿಸಿದ. ಇನ್ನೊಂದು ಬದಿಯಲ್ಲಿ ಕಣಿವೆ. ಬಹಳ ಹೊತ್ತು ಯಾರೂ ಮಾತನಾಡಲಿಲ್ಲ.

ಅನಂತರ ನಮ್ಮ ಕಡೆಯ ವೃದ್ಧ ಮೇಸ್ತ್ರಿಯೊಬ್ಬರು ಹಳೆಯ ಡಿಸ್ಕನ್ನೂ ಹೊಸದನ್ನೂ ಚಪ್ಪಡಿಯ ಮೇಲೆ ಅಕ್ಕಪಕ್ಕ ಇಟ್ಟರು. ಡಿಸ್ಕಿನ ನಡುವೆ ಟೋಪಿಯಂತೆ ಉಬ್ಬಿದ ಭಾಗವೊಂದಿರುತ್ತದೆ. ಅದೇ ಹಬ್ಬಿಗೆ, ಎಂದರೆ ಚಕ್ರದ ನಾಭಿಗೆ, ಕುಳಿತುಕೊಳ್ಳುವುದು. ಎರಡರ ಎತ್ತರದಲ್ಲಿ ಎರಡು ಮಿಲಿಮೀಟರು ವ್ಯತ್ಯಾಸ! "ಮೇಷ್ಟ್ರೇ, ತೂತು ಕೂಡಿದೆ, ಡಿಸ್ಕು ಹೊಂದಿಲ್ಲ" ಎಂದರು ಅವರು. ಎರಡು ಮಿಲಿಮೀಟರು ಸರಿದ ಡಿಸ್ಕು ಕ್ಯಾಲಿಪರಿನ ಬದಿಗೆ ಉಜ್ಜಿ ಕಾದಿತ್ತು. ಆ ಕಾವಿಗೆ ಬ್ರೇಕಿನ ಎಣ್ಣೆ ಕುದಿದಿತ್ತು. ಈ ಎಣ್ಣೆ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ಎಂಬ ದರ್ಜೆಯ ಹೊಸ ಎಣ್ಣೆ 205 ಡಿಗ್ರಿ ಸೆಲ್ಸಿಯಸ್‌ವರೆಗಾದರೂ ಕುದಿಯಬಾರದೆಂಬುದು ನಿಯಮ. ತೇವ ಹೀರಿದ ಎಣ್ಣೆಗೆ ಆ ಮಿತಿ 140ಕ್ಕೆ ಇಳಿಯುತ್ತದೆ. ನಮ್ಮ ಮಳೆನಾಡಿನಲ್ಲಿ ತೇವಕ್ಕೇನು ಕೊರತೆ?

ಆ ದಿನ ಅವರು ಹೇಳಿದ ಪಾಠವನ್ನು ಸಂಗ್ರಹಿಸಿ ಹೇಳುತ್ತೇನೆ. ಬೋಲ್ಟುಗಳ ಎಣಿಕೆಯೊಂದನ್ನೇ ನಂಬಬಾರದು. ಹಳೆಯ ಜೀಪಿನ ಗಾಲಿಗೂ ಜಿಪ್ಸಿಯ ಗಾಲಿಗೂ ಐದೇ ಬೋಲ್ಟು. ಅವು ನಿಂತ ವೃತ್ತದ ವ್ಯಾಸವೂ ಒಂದೇ, 139.7 ಮಿಲಿಮೀಟರು. ಆದರೂ ಹಬ್ಬುಗಳು ಬೇರೆ ಬೇರೆ. ಐದು ಬೋಲ್ಟುಗಳಲ್ಲಿ ಒಂದಕ್ಕೊಂದು ನೇರ ಎದುರಿಲ್ಲವಾದ್ದರಿಂದ ಆ ವ್ಯಾಸವನ್ನು ಅಡ್ಡಲಾಗಿ ಅಳೆಯಲಾಗದು. ಪಕ್ಕಪಕ್ಕದ ಎರಡರ ನಡುವಿಂದ ನಡುವಿಗೆ ಅಳೆದು 1.7ರಿಂದ ಗುಣಿಸಿದರೆ ಸುಮಾರಾಗಿ ಸಿಗುತ್ತದೆ. ಆಮೇಲೆ ನೋಡಬೇಕಾದದ್ದು ನಡುವಣ ರಂಧ್ರ, ಟೋಪಿಯ ಎತ್ತರ, ಡಿಸ್ಕಿನ ವ್ಯಾಸ ಮತ್ತು ದಪ್ಪ. ಹಬ್ಬನ್ನೇ ಬದಲಿಸುವುದಾದರೆ ಬೇರಿಂಗುಗಳ ಅಳತೆಯನ್ನೂ ನೋಡಬೇಕು. ಹಬ್ಬಿನ ಮೋರೆಯ ತುಕ್ಕನ್ನು ಉಜ್ಜಿ ತೆಗೆಯದೆ ಡಿಸ್ಕು ಕೂರಿಸಿದರೆ, ನಡುವಿನ ಕೂದಲೆಳೆಯಷ್ಟು ತಪ್ಪು ಅಂಚಿನಲ್ಲಿ ಹಿಗ್ಗಿ ಓಲಾಡುತ್ತದೆ. ಎಡದ ಡಿಸ್ಕನ್ನು ಬದಲಿಸಿದರೆ ಬಲದ್ದನ್ನೂ ಬದಲಿಸಬೇಕು. ಇಲ್ಲವಾದರೆ ವಾಹನ ಒಂದು ಬದಿಗೆ ಎಳೆಯಬಹುದು.

ಕೇಳುತ್ತಾ ಕುಳಿತ ನನಗೆ ನಾಚಿಕೆಯಾಯಿತು. ಹದಿಮೂರನೆಯ ಶತಮಾನದ ಕೇಶಿರಾಜನನ್ನು ಪಾಠ ಹೇಳಿದವನು ನಾನು. 'ಮಳೆ' ಎಂಬುದಕ್ಕೆ 'ಕಾಲ' ಸೇರಿ 'ಮಳೆಗಾಲ'ವಾಗುವಾಗ ಕಕಾರದ ಸ್ಥಾನಕ್ಕೆ ಗಕಾರವೇ ಬರಬೇಕು. ದಕಾರವೂ ಬಾರದು, ಬಕಾರವೂ ಬಾರದು. ಇದೇ ಆದೇಶಸಂಧಿ. ಬದಲಿಗೆ ಬರುವುದಕ್ಕೂ ನಿಯಮವಿದೆಯೆಂದು ತರಗತಿ ತರಗತಿಗೂ ಹೇಳಿದವನಿಗೆ, ಅಂಗಡಿಯಲ್ಲಿ ಒಂದು ಅಡಿಕೋಲು ಹಿಡಿದು ನೋಡಬೇಕೆಂದು ಹೊಳೆಯಲಿಲ್ಲ. ವ್ಯಾಕರಣದ ತಪ್ಪಿಗೆ ಪರೀಕ್ಷೆಯಲ್ಲಿ ಅಂಕ ಹೋಗುತ್ತದೆ. ಘಾಟಿಯಲ್ಲಿ ಹೋಗುವುದು ಅಂಕವಲ್ಲ.

ಈಗ ಆ ಜಿಪ್ಸಿಯಲ್ಲಿ ಒಂದು ಚೀಟಿಯಿದೆ. ಡಿಸ್ಕು, ಹಬ್ಬುಗಳ ಅಳತೆಯೆಲ್ಲ ಅದರಲ್ಲಿದೆ. ಮೇಸ್ತ್ರಿ ಅಳೆದು ಹೇಳಿದರು, ನಾನು ಬರೆದುಕೊಂಡೆ. ಅದನ್ನು ಕೈಯಲ್ಲಿ ಹಿಡಿಯದೆ ಹುಡುಗ ಈಗ ಬಿಡಿಭಾಗದ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ.