ಸತ್ತವನಿಗೆ ಮೆರವಣಿಗೆ, ಬದುಕಿ ಉಳಿದವನಿಗೆ?

(ಹರಿಹರದಲ್ಲಿ ದಾವಣಗೆರೆ–ಹರಿಹರ ಭಾಗದ ರೈತರ ಮುಂದೆ ಆಡಿದ ಮಾತುಗಳ ಬರಹರೂಪ)



ಭತ್ತದ ಬೆಲೆ, ಮೆಕ್ಕೆಜೋಳದ ಬೆಲೆ ಮಾತಾಡೋ ಜಾಗದಲ್ಲಿ ಈ ಮನುಷ್ಯ ಸಿಪಾಯಿಗಳ ಸುದ್ದಿ ಯಾಕೆ ತೆಗೆದ ಅಂತ ನಿಮಗೆ ಅನ್ನಿಸಬಹುದು. ಸಿಪಾಯಿಗಳು ಯಾರ ಮಕ್ಕಳು ಸ್ವಾಮಿ? ಇರೋ ಎರಡು ಎಕರೆ ಮೂರು ಜನ ಅಣ್ಣತಮ್ಮಂದಿರಿಗೆ ಸಾಲದೆ ಹೋದಾಗ ಅವರಲ್ಲೊಬ್ಬ ಭರ್ತಿ ಮೈದಾನಕ್ಕೆ ಹೋಗಿ ಓಡುತ್ತಾನೆ. ಅವನ ಸಂಬಳದಲ್ಲಿ ಸೊಸೈಟಿ ಸಾಲ ತೀರುತ್ತದೆ, ತಂಗಿಯ ಮದುವೆಯಾಗುತ್ತದೆ. ಇದು ನಮ್ಮ ಮನೆಯ ಲೆಕ್ಕವೇ.

ಕುಂದಗೋಳ ತಾಲ್ಲೂಕು ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರನ್ನು ನೀವು ಮರೆತಿರಲಾರಿರಿ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹಿಮ ಕುಸಿದು 10 ಮಂದಿ ಹೂತುಹೋದರು. ದಿನಗಳ ಮೇಲೆ ಅಗೆದು ತೆಗೆದಾಗ ಇವರೊಬ್ಬರಿಗೆ ಉಸಿರಿತ್ತು. ಫೆಬ್ರವರಿ 11ರಂದು ದಿಲ್ಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಎಳೆಯ ಮಗಳೊಬ್ಬಳ ತಂದೆ. ನಾಡಿಗೆ ನಾಡೇ ಅತ್ತಿತು, ಅಳಬೇಕಾದದ್ದೇ.

ಆದರೆ ಒಂದು ಕ್ಷಣ ಯೋಚನೆ ಮಾಡ್ರಿ. ಆ ಜೀವ ಉಳಿದು, ಕೈಕಾಲು ಬಾರದೆ, ಮಾತು ಬಾರದೆ ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದರೆ? ಎಷ್ಟು ತಿಂಗಳು ಹೂವಿನ ಹಾರ ಹಿಡಿದು ಹೋಗ್ತಿದ್ವಿ ನಾವು?

ಅಂಥ ಒಬ್ಬರು ಇದ್ದರು. ಪಂಜಾಬಿನ ಬಟಾಲಾ ಕಡೆಯ ಲೆಫ್ಟಿನೆಂಟ್ ಕರ್ನಲ್ ಕರಣಬೀರ್ ಸಿಂಗ್ ನಟ್. ಸೈನ್ಯದಲ್ಲಿ 14 ವರ್ಷ ದುಡಿದು ಹೊರಬಂದವರು, ಅಂದರೆ ಮಾಜಿ ಸೈನಿಕ. ಮನೇಲಿ ಕೂರಬಹುದಿತ್ತು. ಪ್ರಾದೇಶಿಕ ಸೇನೆಗೆ ಸೇರಿ ಮತ್ತೆ ಸಮವಸ್ತ್ರ ತೊಟ್ಟರು. 2015ರ ನವೆಂಬರಿನಲ್ಲಿ ಕಾಶ್ಮೀರದ ಕುಪ್ವಾರದಲ್ಲಿ ಉಗ್ರರನ್ನು ಹುಡುಕಿ ಹೋದಾಗ ಮುಖಕ್ಕೆ ಗುಂಡು ಬಿತ್ತು. ಜೀವ ಹೋಗಲಿಲ್ಲ, ಪ್ರಜ್ಞೆ ಹೋಯಿತು. ದಿಲ್ಲಿಯಲ್ಲಿ ಚಿಕಿತ್ಸೆ, ಆಮೇಲೆ ಜಲಂಧರದ ಸೇನಾ ಆಸ್ಪತ್ರೆ. ಆಹಾರ ಕೊಳವೆಯಲ್ಲಿ. 2023ರ ಡಿಸೆಂಬರಿನಲ್ಲಿ ಕಣ್ಣು ಮುಚ್ಚಿದರು.

ಎಂಟು ವರ್ಷ! ಇಬ್ಬರು ಹೆಣ್ಣುಮಕ್ಕಳು ಈ ಎಂಟು ವರ್ಷದಲ್ಲಿ ಬೆಳೆದರು. ಅಪ್ಪ ಇದ್ದಾನೆ, ಆದರೆ ಕರೆದರೆ ಓಗೊಡುವುದಿಲ್ಲ. ಹೆಂಡತಿ ಮುತ್ತೈದೆಯೂ ಹೌದು, ಒಂಟಿಯೂ ಹೌದು. ಗುಂಡು ಬಿದ್ದ ದಿನ ಪತ್ರಿಕೆಯಲ್ಲಿ ಬಂತು, ತೀರಿಕೊಂಡ ದಿನ ಬಂತು. ನಡುವಿನ ದಿನಗಳನ್ನು ಎಣಿಸಿದವರು ಮನೆಯವರು ಮತ್ತು ಆಸ್ಪತ್ರೆಯವರು.

ಅವರು ಅಧಿಕಾರಿ, ಸೇನೆ ಕೈಬಿಡಲಿಲ್ಲ. ಸಾಮಾನ್ಯ ಜವಾನನ ಮನೆಯ ಕಥೆ ಬೇರೆ. ಬೆನ್ನುಹುರಿ ಮುರಿದ ಮಗ ಮನೆಗೆ ಬಂದರೆ ಹೊರಳಿಸೋಕೆ ಇಬ್ಬರು ಬೇಕು. ಹೊರಳಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ. ಹಾಗಾಗಿ ದುಡಿಯೋ ಕೈ ಒಂದಲ್ಲ, ಮೂರು ಹೋಗುತ್ತವೆ. ಗದ್ದೆ ಕೋರಿಗೆ ಹೋಗುತ್ತದೆ. ಬ್ಯಾಂಕಿನವನ ಬಡ್ಡಿ ಮಾತ್ರ ಯಾವತ್ತೂ ಹಾಸಿಗೆ ಹಿಡಿಯೋದಿಲ್ಲ.

ಈಗ ಹಕ್ಕಿನ ಮಾತು. ಸೇವೆಯಿಂದ ಅಂಗವೈಕಲ್ಯ ಬಂದವನಿಗೆ ಪಿಂಚಣಿ ಭಿಕ್ಷೆ ಅಲ್ಲ. ನೂರಕ್ಕೆ ನೂರು ಅಂಗವೈಕಲ್ಯವಾಗಿ ನೋಡಿಕೊಳ್ಳೋಕೆ ಆಳು ಬೇಕಾದವನಿಗೆ ಅದರ ಮೇಲೆ ಬೇರೆ ಭತ್ಯೆಯೂ ಇದೆ. ಎಷ್ಟೋ ಮನೆಯವರು ಅದನ್ನು ಕೇಳೋದೇ ಇಲ್ಲ. ಧರಮ್‌ವೀರ್ ಸಿಂಗ್ ಎಂಬ ಸಿಪಾಯಿಯ ಮೊಕದ್ದಮೆಯಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್ ಏನು ಹೇಳಿತು ಗೊತ್ತೇ? ಸೇರುವಾಗ ಡಾಕ್ಟರು ಯಾವ ಕಾಯಿಲೆಯನ್ನೂ ಬರೆದಿಲ್ಲದಿದ್ದರೆ, ಮುಂದೆ ಬಂದ ಕಾಯಿಲೆ ಸೇವೆಯಿಂದ ಬಂದದ್ದಲ್ಲ ಅಂತ ತೋರಿಸೋ ಭಾರ ಸೈನ್ಯದ್ದು, ಸಿಪಾಯಿಯದಲ್ಲ. 2023ರ ಸೆಪ್ಟೆಂಬರಿನಿಂದ ಬೇರೆ ನಿಯಮಗಳು ಬಂದಿವೆ. ಆದ್ದರಿಂದ ಸೇವೆಯಿಂದ ಬಿಡುಗಡೆಯಾದ ತಾರೀಖು ನೋಡಿ, ಆಮೇಲೆ ಅರ್ಜಿ ಬರೆಸಿ. ವೈದ್ಯಕೀಯ ಮಂಡಳಿಯ ಕಾಗದವನ್ನು ಪಹಣಿಯ ಜೊತೆಗೇ ಟ್ರಂಕಿನಲ್ಲಿಡಿ.

ಅಗ್ನಿವೀರರ ವಿಷಯ ಇನ್ನೂ ಸೂಕ್ಷ್ಮ. ಈಗ ಜವಾನನಾಗಿ ಭರ್ತಿಯಾಗೋ ಮಗ ಹೋಗೋದು ಇದೇ ದಾರಿಯಲ್ಲಿ. 2022ರಲ್ಲಿ ಪ್ರಕಟವಾದ ಯೋಜನೆ ಪ್ರಕಾರ ಸೇವೆಯಿಂದ ಆದ ನೂರರಷ್ಟು ಅಂಗವೈಕಲ್ಯಕ್ಕೆ 44 ಲಕ್ಷ, 75ಕ್ಕೆ 25 ಲಕ್ಷ, 50ಕ್ಕೆ 15 ಲಕ್ಷ. ಪೂರ್ತಿ ಅಂಗವಿಕಲನಾದರೆ ಉಳಿದ ಅವಧಿಯ ಸಂಬಳ, ಸೇವಾನಿಧಿ ಸಹ ಸೇರುತ್ತದೆ. ಎಲ್ಲಾ ಒಂದೇ ಸಲ. ತಿಂಗಳ ಪಿಂಚಣಿ ಇಲ್ಲ.

44 ಲಕ್ಷ ದೊಡ್ಡ ದುಡ್ಡಲ್ವೇ ಅಂತೀರಿ. 22 ವರ್ಷದ ಹುಡುಗ 60ರವರೆಗೆ ಬದುಕಿದರೆ 38 ವರ್ಷ. ಭಾಗಿಸಿ ನೋಡ್ರಿ, ತಿಂಗಳಿಗೆ ಹತ್ತು ಸಾವಿರದ ಆಚೆ ಈಚೆ. ಬ್ಯಾಂಕಿನ ಬಡ್ಡಿ ಬರುತ್ತೆ, ನಿಜ. ಔಷಧಿಯ ಬೆಲೆಯೂ ಏರುತ್ತೆ. ಅದಕ್ಕಿಂತ ದೊಡ್ಡ ಅಪಾಯ ಊರಲ್ಲೇ ಇದೆ. ಸಾಲದಲ್ಲಿರೋ ಮನೆಗೆ ಇಡುಗಂಟು ಬಂತು ಅಂದರೆ ಮೊದಲು ಬಾಗಿಲು ತಟ್ಟೋನು ದಲಾಲಿ ಅಂಗಡಿಯವನು. ಆಮೇಲೆ ದೊಡ್ಡಪ್ಪನ ಮಗ ಕೊಳವೆಬಾವಿ ಕೊರೆಸಬೇಕು ಅಂತ ಬರ್ತಾನೆ. ಎರಡು ವರ್ಷದಲ್ಲಿ ದುಡ್ಡು ಖಾಲಿ, ಹುಡುಗ ಮಂಚದಲ್ಲೇ. ಆ ದುಡ್ಡು ಗದ್ದೆಯದಲ್ಲ, ಮೈಯದು. ಅವನ ಹೆಸರಿನಲ್ಲಿ, ಮದುವೆಯಾಗಿದ್ದರೆ ಹೆಂಡತಿಯದೂ ಸೇರಿಸಿ ಠೇವಣಿ ಇಡಿ. ಮನೆಯ ಹಿರಿಯರಿಗೆ ಈ ಮಾತು ಕಹಿ ಅಂತ ಗೊತ್ತು. ಹಿರಿಯರಿಗೇ ಹೇಳ್ತಾ ಇದ್ದೀನಿ.

ನಮ್ಮ ಬೇಡಿಕೆ ಸೇವೆಯ ವರ್ಷ ಎಷ್ಟೇ ಇರಲಿ, ಸೇವೆಯಲ್ಲಿ ಮೈ ಕಳೆದುಕೊಂಡವನಿಗೆ ಬದುಕಿರೋವರೆಗೆ ತಿಂಗಳ ಪಿಂಚಣಿ ಕೊಡಿ ಅನ್ನೋದು. ಬೆಲೆಗೆ ಹೋರಾಡಿದ ಹಾಗೇ ಇದಕ್ಕೂ ಹೋರಾಡಬೇಕು.

ಕೊನೇದಾಗಿ ಒಂದು ವಿಳಾಸ. ಬೆನ್ನುಹುರಿ ಮುರಿದ ಸೈನಿಕರಿಗಾಗಿಯೇ ಪುಣೆಯ ಖಡ್ಕಿಯಲ್ಲಿ 1974ರಿಂದ ಪುನರ್ವಸತಿ ಕೇಂದ್ರ ಇದೆ. ಹರಿಹರದಿಂದ ಹುಬ್ಬಳ್ಳಿ, ಬೆಳಗಾವಿ, ಮೀರಜ್ ದಾಟಿ ಪುಣೆಗೆ ರೈಲು ದಾರಿ. ನಿಮ್ಮೂರಿನಲ್ಲಿ ಅಂಥ ಹುಡುಗ ಇದ್ದರೆ ಮೊದಲು ಮನೆಯವರೊಬ್ಬರು ಹೋಗಿ ನೋಡಿಕೊಂಡು ಬನ್ನಿ. ಹೋಗೋ ಮುಂಚೆ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಯಲ್ಲಿ ಕಾಗದಪತ್ರ ತೋರಿಸಿ ಹೋಗಿ.