ಶನಿವಾರದ ಸಾಹಸಕ್ಕೆ ಯಾರ ಋಣ



ಇಂದು ಪದವೀಧರರಾಗುತ್ತಿರುವ ನಿಮ್ಮಲ್ಲಿ ಕೆಲವರು ಬರುವ ಸೆಪ್ಟೆಂಬರಿನ ಹೊತ್ತಿಗೆ ಹೊರದೇಶದ ಯಾವುದಾದರೂ ವಿಶ್ವವಿದ್ಯಾಲಯ ಸೇರಿರುತ್ತೀರಿ. ಅವರಲ್ಲೂ ಕೆಲವರ ಪಾಲಿಗೆ ಸ್ವಿಟ್ಜರ್ಲೆಂಡಿನ ಜ್ಯೂರಿಕ್, ಲೊಸಾನ್‌ನಂಥ ಊರು ಬರುತ್ತದೆ. ಆಲ್ಪ್ಸ್ ಪರ್ವತ ಅಲ್ಲಿಂದ ಒಂದೆರಡು ಗಂಟೆಯ ರೈಲು ದಾರಿ. ಹಾಗೆ ಹೋದ ಮಕ್ಕಳು ಮನೆಗೆ ಕಳಿಸುವ ಫೋಟೊಗಳಲ್ಲಿ ಪ್ರಯೋಗಾಲಯದವು ಬೆರಳೆಣಿಕೆಯಷ್ಟು, ಶನಿವಾರ ಭಾನುವಾರದವು ರಾಶಿ. ಹಿಮದ ಮೇಲೆ ಎರಡೂ ಕೈ ಚಾಚಿ ನಿಂತ ಮಗ, ಬಂಡೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತ ಮಗಳು. ನೋಡಿದ ತಾಯಿಗೆ ಅರ್ಧ ಹೆಮ್ಮೆ, ಅರ್ಧ ಎದೆಬಡಿತ. ಘಟಿಕೋತ್ಸವದ ವೇದಿಕೆಯಿಂದ ರಾಷ್ಟ್ರನಿರ್ಮಾಣದ ಮಾತಾಡುವುದು ವಾಡಿಕೆ; ನಾನು ಈ ಫೋಟೊಗಳ ಬಗ್ಗೆ ಮಾತಾಡುತ್ತೇನೆ. ಅವುಗಳಲ್ಲಿ ಕಾಣುವುದು ಹತ್ತಿದವರು ಮಾತ್ರ. ಅವರು ಅಲ್ಲಿಗೆ ತಲುಪುವಂತೆ, ತಲುಪಿ ತಿರುಗಿ ಬರುವಂತೆ ಮಾಡಿದವರು ಚೌಕಟ್ಟಿನ ಹೊರಗೆ ಉಳಿಯುತ್ತಾರೆ. ವಿದ್ಯಾರ್ಥಿಯ ವಾರಾಂತ್ಯದ ಸಾಹಸ ಎಂದು ನಾವು ಕರೆಯುವುದರಲ್ಲಿ ಬಹುಪಾಲು ಬೇರೆಯವರು ತಲೆಮಾರುಗಳಿಂದ ಮಾಡಿಟ್ಟ ಸಪ್ಪೆ ಕೆಲಸ. ಆ ಕೆಲಸವನ್ನು ಗುರುತಿಸದೆ ಬೆಟ್ಟ ಹತ್ತಿ ಇಳಿದವರು ಪರ್ವತದ ದೇಶದಲ್ಲಿ ಓದಿಯೂ ಅದರ ಮುಖ್ಯ ಪಾಠವನ್ನು ತಪ್ಪಿಸಿಕೊಂಡ ಹಾಗೆ ಎಂಬುದು ನನ್ನ ವಾದ.

ಜ್ಯೂರಿಕ್‌ನ ವಿದ್ಯಾರ್ಥಿಯೊಬ್ಬ ಶನಿವಾರ ಬೆಳಗ್ಗೆ ಹೊರಟನೆನ್ನಿ. ಜೇಬಿನಲ್ಲಿ ಅರ್ಧ ದರದ ರೈಲು ಕಾರ್ಡು, ಚೀಲದಲ್ಲಿ ರಾತ್ರಿಯೇ ಮಾಡಿಟ್ಟ ಚಪಾತಿ. ರೈಲು ನಿಂತ ಊರಿನಲ್ಲಿ ಹಳದಿ ಬಣ್ಣದ ಅಂಚೆ ಬಸ್ಸು ಅವನಿಗಾಗಿಯೇ ಎಂಬಂತೆ ಕಾದಿರುತ್ತದೆ. ರೈಲಿನ ಸಮಯ ನೋಡಿಯೇ ಬಸ್ಸಿನ ಸಮಯ ಇಟ್ಟಿದ್ದಾರೆ. ಬಸ್ಸಿಳಿದಲ್ಲಿ ಹಳದಿ ಕೈಮರ. ಅದರ ಮೇಲೆ ಬರೆದಿರುವುದು ನಡೆಯಲು ಹಿಡಿಯುವ ಸಮಯ, ಎಷ್ಟು ಕಿಲೋಮೀಟರ್ ಎಂದಲ್ಲ. ಬೆಟ್ಟದಲ್ಲಿ ದೂರ ತಿಳಿದು ಪ್ರಯೋಜನವಿಲ್ಲ, ಕತ್ತಲಾಗುವುದರೊಳಗೆ ತಲುಪುತ್ತೇವೆಯೇ ಎಂಬುದೇ ಪ್ರಶ್ನೆ. ಏರು ಎಷ್ಟು, ಇಳಿಜಾರು ಎಷ್ಟು ಎಂದು ಲೆಕ್ಕ ಹಾಕಿ, ದಣಿವಾರಿಸಿಕೊಳ್ಳುವ ಸಮಯ ಬಿಟ್ಟು, ದೇಶಕ್ಕೆಲ್ಲ ಒಂದೇ ಸೂತ್ರದಲ್ಲಿ ಆ ಸಮಯವನ್ನು ಬರೆದಿದ್ದಾರೆ. ಸಾಮಾನ್ಯ ಕಾಲುದಾರಿಗೆ ಹಳದಿ ಗುರುತು, ಬೆಟ್ಟದ ದಾರಿಗೆ ಬಿಳಿ-ಕೆಂಪು-ಬಿಳಿ ಪಟ್ಟಿ, ಹಗ್ಗ ಮತ್ತು ಅನುಭವ ಬೇಡುವ ದಾರಿಗೆ ಬಿಳಿ-ನೀಲಿ-ಬಿಳಿ. ಇಂಥ ದಾರಿಗಳ ಒಟ್ಟು ಉದ್ದ ಸುಮಾರು 65,000 ಕಿಲೋಮೀಟರ್. ಇವಕ್ಕೆಲ್ಲ ದೇಶದುದ್ದಕ್ಕೂ ಒಂದೇ ಬಗೆಯ ಗುರುತು ಬೇಕೆಂದು 1934ರಲ್ಲಿ ಸಂಘ ಕಟ್ಟಲು ಮುಂದಾದವರು ಯೋಹಾನ್ ಯಾಕೋಬ್ ಎಸ್ ಎಂಬ ಶಾಲಾ ಮೇಷ್ಟ್ರು. 1979ರಲ್ಲಿ ಆ ದೇಶದ ಮತದಾರರು ಕಾಲುದಾರಿಗಳ ರಕ್ಷಣೆಯನ್ನು ಸಂವಿಧಾನದಲ್ಲೇ ಸೇರಿಸಿದರು. ಕಾಲುದಾರಿಗಾಗಿ ಸಂವಿಧಾನ ತಿದ್ದಿದ ಜನ! ನಮಗೆ ನಗು ಬರಬಹುದು. ಫುಟ್‌ಪಾತ್ ಹುಡುಕಿ ಸೋತವರಿಗೆ ಬರಲಿಕ್ಕಿಲ್ಲ.

ದಾರಿ ಮುಗಿಯುವಲ್ಲಿ ತಂಗುಮನೆ. 1863ರಲ್ಲಿ ಹುಟ್ಟಿದ ಸ್ವಿಸ್ ಆಲ್ಪೈನ್ ಕ್ಲಬ್ಬು ಇಂಥ ಸುಮಾರು 150 ಮನೆಗಳನ್ನು ನಡೆಸುತ್ತಿದೆ. ಜ್ಯೂರಿಕ್‌ನ ವಿದ್ಯಾರ್ಥಿಗಳು ಮತ್ತು ಅಧ್ಯಾಪಕರು ಸೇರಿ 1896ರಲ್ಲಿ ಮಾಡಿಕೊಂಡ ತಮ್ಮದೇ ಪರ್ವತಾರೋಹಿ ಸಂಘ, 1903ರಲ್ಲಿ ಜಾಸ್-ಫೀ ಊರಿನ ಮೇಲೆ ಸುಮಾರು 3,300 ಮೀಟರ್ ಎತ್ತರದಲ್ಲಿ ಮಿಷಾಬೆಲ್ ತಂಗುಮನೆಯನ್ನು ಕಟ್ಟಿಸಿತು. ಅಲ್ಲಿಗೆ ಇಂದಿಗೂ ನಡೆದೇ ಹೋಗಬೇಕು. ಈ ಮನೆಗಳಲ್ಲಿ ಬಂದವರೆಲ್ಲ ಹೆಸರು ಬರೆಯುವ ಪುಸ್ತಕ ಒಂದಿರುತ್ತದೆ. ಹೆಸರಿನ ಜೊತೆಗೆ ಮುಂದೆ ಎಲ್ಲಿಗೆ ಹೊರಟಿದ್ದೀರಿ ಎಂದೂ ಬರೆಯಬೇಕು, ಕಾಣೆಯಾದರೆ ಹುಡುಕಲು ಬೇಕಾಗುತ್ತದೆ. ಚಳಿಗಾಲದಲ್ಲಿ ಉಸ್ತುವಾರಿಯವರು ಕೆಳಗಿಳಿದು ಹೋದ ಮೇಲೂ ಎಷ್ಟೋ ಕಡೆ ಒಂದು ಕೋಣೆಗೆ ಬೀಗ ಹಾಕುವುದಿಲ್ಲ. ಒಲೆ, ಸೌದೆ, ಕಂಬಳಿ, ದುಡ್ಡು ಹಾಕಲು ಒಂದು ಡಬ್ಬಿ. ಕಾವಲಿಗೆ ಯಾರೂ ಇಲ್ಲ. ಕಾಲು ಮುರಿದುಕೊಂಡರೆ 1414 ಸಂಖ್ಯೆಗೆ ಕರೆ ಮಾಡಿದರೆ ಹೆಲಿಕಾಪ್ಟರ್ ಬರುತ್ತದೆ. 1952ರಲ್ಲಿ ಆರಂಭವಾದ ರೆಗಾ ಎಂಬ ಆ ಸೇವೆಯನ್ನು ಹೊತ್ತಿರುವವರು ವರ್ಷಕ್ಕಿಷ್ಟು ಎಂದು ವಂತಿಗೆ ಕೊಡುವ 30 ಲಕ್ಷಕ್ಕೂ ಹೆಚ್ಚು ಜನಸಾಮಾನ್ಯರು. ಅವರಲ್ಲಿ ಬಹುಪಾಲು ಮಂದಿಗೆ ಆ ಹೆಲಿಕಾಪ್ಟರ್ ಹತ್ತುವ ಪ್ರಸಂಗವೇ ಬರುವುದಿಲ್ಲ.

ಇಷ್ಟೂ ಸೌಕರ್ಯದ ಮಾತಾಯಿತು. ಇದಕ್ಕಿಂತ ಆಳದಲ್ಲಿರುವುದು ಬೆಟ್ಟವನ್ನು ಓದುವ ವಿದ್ಯೆ. ಅದನ್ನು ಕಲಿಯಲು ತೆತ್ತ ಬೆಲೆ ದೊಡ್ಡದು. ಗ್ಲಾರಸ್ ಪ್ರಾಂತದ ಎಲ್ಮ್ ಎಂಬ ಹಳ್ಳಿಯಲ್ಲಿ 19ನೆಯ ಶತಮಾನದಲ್ಲಿ ಸ್ಲೇಟು ಕಲ್ಲಿನ ಗಣಿ ಇತ್ತು. ಶಾಲೆಯ ಮಕ್ಕಳು ಬಳಪ ಹಿಡಿದು ಬರೆಯುವ ಸ್ಲೇಟಿಗೆ ಆಗ ಊರೂರಿನಲ್ಲಿ ಬೇಡಿಕೆ. ಹಳ್ಳಿಗರು ಗುಡ್ಡದ ಬುಡವನ್ನು ಕೊರೆಯುತ್ತ ಹೋದರು, ಮೇಲೆ ಬಿರುಕು ಬಿಟ್ಟಿತು. ಅಧಿಕಾರಿಗಳು ಬಂದು ನೋಡಿ ತಕ್ಷಣಕ್ಕೆ ಅಪಾಯವಿಲ್ಲ ಎಂದರು. ಮಾರನೆಯ ದಿನ, 1881ರ ಸೆಪ್ಟೆಂಬರ್ 11ರ ಭಾನುವಾರ, ಗುಡ್ಡ ಕುಸಿದು 115 ಮಂದಿ ಸತ್ತರು. ಜ್ಯೂರಿಕ್‌ನ ಪಾಲಿಟೆಕ್ನಿಕ್‌ನಲ್ಲಿ ಭೂವಿಜ್ಞಾನ ಕಲಿಸುತ್ತಿದ್ದ ಆಲ್ಬರ್ಟ್ ಹೈಮ್ ಅಲ್ಲಿಗೆ ಹೋದರು. ಬದುಕುಳಿದವರ ಮಾತು ಕೇಳಿ, ಕಲ್ಲುಮಣ್ಣು ಬಿದ್ದ ಗುರುತುಗಳನ್ನು ಅಳೆದು, ಅದು ಹೇಗೆ ಜಾರಿತು, ಹೇಗೆ ಹಾರಿತು, ಹೇಗೆ ನೀರಿನಂತೆ ಹರಿಯಿತು ಎಂಬುದನ್ನು ಊರಿನ ಪಾದ್ರಿಯ ಜೊತೆ ಸೇರಿ ದಾಖಲಿಸಿದರು. ಭೂಕುಸಿತದ ಶಾಸ್ತ್ರ ಇಂದಿಗೂ ಆ ದಾಖಲೆಯ ಹತ್ತಿರ ಹೋಗುತ್ತದೆ. 2025ರ ಮೇ 28ರಂದು ಅದೇ ದೇಶದ ಬ್ಲಾಟನ್ ಎಂಬ ಹಳ್ಳಿಯ ಮೇಲೆ ಬಂಡೆಯ ರಾಶಿಯೊಂದಿಗೆ ಬಿರ್ಖ್ ಹಿಮನದಿ ಕುಸಿದು ಬಿತ್ತು. ಊರಿನ ಬಹುಭಾಗ ಹೂತು ಹೋಯಿತು. ಆದರೆ ಬೆಟ್ಟದ ಚಲನೆಯನ್ನು ಅಳೆಯುತ್ತಿದ್ದವರ ಮಾತಿನ ಮೇಲೆ ಸುಮಾರು 300 ಮಂದಿಯನ್ನೂ ದನಕುರಿಗಳನ್ನೂ ಒಂಬತ್ತು ದಿನ ಮೊದಲೇ ಊರಿನಿಂದ ಹೊರಗೆ ಕರೆದೊಯ್ದಿದ್ದರು; ಪ್ರಾಣ ಹೋದದ್ದು ಒಬ್ಬರದು. ಹಿಮಕುಸಿತದ ಲೆಕ್ಕವೂ ಇದನ್ನೇ ಹೇಳುತ್ತದೆ. 1951ರ ಚಳಿಗಾಲದಲ್ಲಿ ಆ ದೇಶದಲ್ಲಿ 98 ಮಂದಿ ಹಿಮದಡಿ ಸಿಕ್ಕಿ ಸತ್ತರು. ಹೆಚ್ಚುಕಮ್ಮಿ ಅಷ್ಟೇ ಭೀಕರ ಹಿಮ ಬಿದ್ದ 1999ರಲ್ಲಿ 17 ಮಂದಿ. ನಡುವೆ ಆದದ್ದು ತಡೆಗೋಡೆ, ಅಪಾಯ ವಲಯದ ನಕ್ಷೆ, ದಾವೋಸ್‌ನ ಹಿಮ ಸಂಶೋಧನಾ ಸಂಸ್ಥೆ 1945ರಿಂದ ಹೊರಡಿಸುತ್ತ ಬಂದಿರುವ ಎಚ್ಚರಿಕೆಯ ಪ್ರಕಟಣೆ. ಪ್ರತಿ ಚಳಿಗಾಲ ಹಿಮಕ್ಕೆ ಗುಂಡಿ ತೋಡಿ ಪದರ ಪದರ ಪರೀಕ್ಷಿಸಿದವರ ಫೋಟೊ ಯಾವ ಮನೆಯ ಗೋಡೆಯ ಮೇಲೂ ಇಲ್ಲ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ಗಟ್ಟಿಯಾದದ್ದೇ. ಕೈಮರ, ಬಸ್ಸು, ಎಚ್ಚರಿಕೆ, ಹೆಲಿಕಾಪ್ಟರ್ ಎಲ್ಲ ಇದ್ದ ಮೇಲೆ ಸಾಹಸ ಎಲ್ಲಿ ಉಳಿಯಿತು? ಪಳಗಿಸಿದ ಬೆಟ್ಟ ಹತ್ತುವುದರಲ್ಲಿ ಏನು ಕಲಿಕೆ? ಉತ್ತರವನ್ನು ಸತ್ತವರ ಲೆಕ್ಕದಲ್ಲೇ ಹುಡುಕಬೇಕು. ಈಗ ಸ್ವಿಟ್ಜರ್ಲೆಂಡಿನಲ್ಲಿ ಹಿಮಕುಸಿತಕ್ಕೆ ಸಿಕ್ಕಿ ಸಾಯುವವರು ಮನೆಯಲ್ಲಿ ಮಲಗಿದ್ದವರಲ್ಲ. ಹೆಚ್ಚುಕಮ್ಮಿ ಎಲ್ಲರೂ ಗುರುತು ಮಾಡಿದ ಜಾಗ ಬಿಟ್ಟು ತಾವಾಗಿ ಹಿಮಕ್ಕಿಳಿದವರು, ಹೆಚ್ಚಿನ ಸಲ ಆ ಹಿಮವನ್ನು ಕದಲಿಸಿದವರೂ ತಾವೇ ಅಥವಾ ತಮ್ಮ ಗುಂಪಿನವರೇ. ದಾವೋಸ್‌ನ ಎಚ್ಚರಿಕೆಯ ಪ್ರಕಟಣೆ ಅಪಾಯವನ್ನು ಐದು ಹಂತಗಳಲ್ಲಿ ಹೇಳುತ್ತದೆ. ಐದನೆಯದು ಘೋಷಣೆಯಾದ ದಿನ ಯಾರೂ ಹೊರಗೆ ಕಾಲಿಡುವುದಿಲ್ಲ. ಜನ ಸಾಯುವುದು ನಡುವಿನ ಮೂರನೆಯ ಹಂತದ ದಿನಗಳಲ್ಲಿ, ಹೋಗಲೂಬಹುದು ಬಿಡಲೂಬಹುದು ಅನ್ನಿಸುವ ದಿನಗಳಲ್ಲಿ. ಇಯಾನ್ ಮೆಕ್ಯಾಮನ್ ಎಂಬ ಸಂಶೋಧಕರು ಅಮೆರಿಕದ 715 ಹಿಮಕುಸಿತ ಅಪಘಾತಗಳನ್ನು ಪರಿಶೀಲಿಸಿ 2004ರಲ್ಲಿ ಬರೆದದ್ದು ಇನ್ನೂ ಕಹಿ: ತರಬೇತಿ ಪಡೆದವರೇ, ತಮಗೆ ಚೆನ್ನಾಗಿ ಗೊತ್ತಿದ್ದ ಇಳಿಜಾರಿನಲ್ಲಿ ಎಚ್ಚರ ಸಡಿಲಿಸಿದ್ದರು. ಜೊತೆಯವರೆಲ್ಲ ಹೊರಟಾಗ, ಇಷ್ಟು ದೂರ ಬಂದಾಗಿದೆ ಅನ್ನಿಸಿದಾಗ, ಮುಂದೆ ಯಾರದೋ ಹೆಜ್ಜೆ ಗುರುತು ಕಂಡಾಗ, ಕಣ್ಣೆದುರಿನ ಪುರಾವೆ ಕೆಲಸಕ್ಕೆ ಬರಲಿಲ್ಲ. ಹಾಗಾಗಿ ಬೆಟ್ಟ ಪಳಗಿಲ್ಲ. ಬೇರೆಯವರು ನಮಗೆ ತಿಳಿವಳಿಕೆ ಕೊಟ್ಟಿದ್ದಾರೆ, ನಿರ್ಧಾರ ಕೊಟ್ಟಿಲ್ಲ. ಶಿಖರಕ್ಕೆ ಇನ್ನರ್ಧ ಗಂಟೆ ಇರುವಾಗ ಮೋಡ ನೋಡಿ ಹಿಂದಿರುಗೋಣ ಎಂದು ಗೆಳೆಯರೆದುರು ಬಾಯಿ ಬಿಟ್ಟು ಹೇಳುವವರು ಮಾಡುವುದೇ ಅಲ್ಲಿನ ಕಷ್ಟದ ಸಾಹಸ. ನಾಲ್ಕು ವರ್ಷದ ಪರೀಕ್ಷೆಗಳಲ್ಲಿ ಯಾವುದೂ ನಿಮಗೆ ಹಿಂದಿರುಗಬೇಕೇ ಎಂಬ ಪ್ರಶ್ನೆ ಕೇಳಿಲ್ಲ, ಏಕೆಂದರೆ ನಮ್ಮ ಪ್ರಶ್ನೆಪತ್ರಿಕೆಗಳಲ್ಲಿ ಅರ್ಧಕ್ಕೆ ನಿಲ್ಲಿಸಿದವರಿಗೆ ಅಂಕವಿಲ್ಲ.

ಎರಡನೆಯ ಆಕ್ಷೇಪ ಈ ಸಭಾಂಗಣದ ಹಿಂದಿನ ಸಾಲುಗಳದು. ಹೊಲ ಅಡವಿಟ್ಟು, ಬ್ಯಾಂಕಿನ ಸಾಲ ಮಾಡಿ ಕಳಿಸುತ್ತೇವೆ. ಮಗ ಬೆಟ್ಟ ಸುತ್ತಬೇಕೇ? ತಂದೆತಾಯಿಯರೇ, ಆ ದುಗುಡವನ್ನು ನಾನು ಹಗುರವಾಗಿ ಕಾಣುವುದಿಲ್ಲ. ನಮ್ಮಂಥ ದೇಶದಿಂದ ಹೋದ ವಿದ್ಯಾರ್ಥಿಗೆ ಅಲ್ಲಿ ಪಾಠದ ದಿನಗಳಲ್ಲಿ ವಾರಕ್ಕೆ 15 ಗಂಟೆಗಿಂತ ಹೆಚ್ಚು ದುಡಿಯಲು ಅನುಮತಿ ಇಲ್ಲ, ಅದೂ ಮೊದಲ ಆರು ತಿಂಗಳು ಕಳೆದ ಮೇಲೆ. ಕೈ ಬಿಗಿಯಾದವರಿಗೆ ಆ ದುಬಾರಿ ದೇಶದಲ್ಲಿ ಉಳಿಯುವ ಅಗ್ಗದ ಸಂತೋಷವೇ ನಡೆಯುವುದು. ಇನ್ನು ಓದಿನ ಮಾತು. ಅಲೆಚ್ ಹಿಮನದಿಯ ಮೇಲಿರುವ ಕೊಂಕೋರ್ಡಿಯಾ ತಂಗುಮನೆಯನ್ನು 1877ರಲ್ಲಿ ಕಟ್ಟಿದಾಗ ಮಂಜುಗಡ್ಡೆ ಸ್ವಲ್ಪವೇ ಕೆಳಗಿತ್ತು. ಈಗ ಅಲ್ಲಿಂದ ಹಿಮನದಿಗೆ ಇಳಿಯಲು ಬಂಡೆಗೆ ಹೊಡೆದ ಕಬ್ಬಿಣದ ಮೆಟ್ಟಿಲುಗಳಿವೆ, ಹಿಮ ಕೆಳಗಿಳಿದ ಹಾಗೆಲ್ಲ ಅವನ್ನು ಮತ್ತೆ ಮತ್ತೆ ಉದ್ದ ಮಾಡಬೇಕಾಗಿದೆ. 2022 ಮತ್ತು 2023, ಎರಡೇ ವರ್ಷಗಳಲ್ಲಿ ಸ್ವಿಸ್ ಹಿಮನದಿಗಳು ತಮ್ಮ ಗಾತ್ರದ ಹತ್ತರಲ್ಲಿ ಒಂದು ಪಾಲನ್ನು ಕಳೆದುಕೊಂಡವು ಎಂಬ ವಾಕ್ಯವನ್ನು ಗ್ರಂಥಾಲಯದಲ್ಲಿ ಓದಬಹುದು. ಹೊಸದಾಗಿ ಸೇರಿಸಿದ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿದ ಎಂಜಿನಿಯರಿಗೆ ಆ ವಾಕ್ಯ ಬೇರೆ ರೀತಿ ತಾಕುತ್ತದೆ.

ಮೂರನೆಯದು ನಾವೆಲ್ಲ ಸುಲಭವಾಗಿ ಹೇಳುವ ಮಾತು: ಅದು ಶ್ರೀಮಂತ ದೇಶ, ಅವರಿಗೆ ನಡೆಯುತ್ತದೆ. ದುಡ್ಡು ಬೇಕು, ನಿಜ. ಆದರೆ ಎಲ್ಮ್‌ನ ಜನ ಗುಡ್ಡ ಕೊರೆದದ್ದು ಬಡತನಕ್ಕೇ. ನಮ್ಮಲ್ಲಿ ಅಳೆಯುವವರು ಇರಲಿಲ್ಲವೆಂದೂ ಅಲ್ಲ. 1804ರಲ್ಲೇ ಲ್ಯಾಂಬ್ಟನ್ ಎಂಬ ಬ್ರಿಟಿಷ್ ಭೂಮಾಪಕ ಬೆಂಗಳೂರಿನ ಬಳಿ ತಳರೇಖೆ ಅಳೆದು ದಕ್ಷಿಣ ಭಾರತದ ಭೂಮಾಪನವನ್ನು ಮುಂದುವರಿಸಿದ. ಆದರೆ ಹಾಗೆ ಬೆಳೆದ ನಕ್ಷೆಗಳು ಬಹುಕಾಲ ಸೇನೆ ಮತ್ತು ಕಚೇರಿಗಳ ಕಪಾಟಿನಲ್ಲಿದ್ದವು, ನಡೆಯುವವರ ಕೈಗೆ ಬರಲಿಲ್ಲ. ನಕ್ಷೆಯ ಮೇಲಿನ ಆ ಬಿಗಿಯನ್ನು ಕೇಂದ್ರ ಸರ್ಕಾರ ಸಡಿಲಿಸಿದ್ದು 2021ರ ಫೆಬ್ರುವರಿಯಲ್ಲಿ. ಸ್ವಿಟ್ಜರ್ಲೆಂಡ್ ತನ್ನ ಡಿಜಿಟಲ್ ನಕ್ಷೆಗಳನ್ನು ಎಲ್ಲರಿಗೂ ಉಚಿತ ಮಾಡಿದ್ದೂ ಕಾಕತಾಳೀಯವಾಗಿ ಅದರ ಮರುತಿಂಗಳೇ. ಆ ಒಂದು ವಿಷಯದಲ್ಲಾದರೂ ನಾವು ತೀರಾ ಹಿಂದಿಲ್ಲ.

ಹಿಂದಿರುವುದು ಬೇರೆ ಕಡೆ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಕಾಲಿಡಲಾರದಷ್ಟು ಚಾರಣಿಗರು ನೆರೆದರು. ಅರಣ್ಯ ಇಲಾಖೆ ಚಾರಣ ನಿಲ್ಲಿಸಿ, ಆಮೇಲೆ ಆನ್‌ಲೈನ್ ಬುಕಿಂಗ್ ಮತ್ತು ದಿನಕ್ಕಿಷ್ಟೇ ಜನ ಎಂಬ ಮಿತಿ ತಂದಿತು. ಅದು ಸರಿಯೇ. ಆದರೆ ಗೇಟು ಹಾಕುವುದಷ್ಟೇ ಬೆಟ್ಟ ಓದುವುದಲ್ಲ. ಅದೇ ವರ್ಷ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಗಾಗಿ ಬುಡ ಕತ್ತರಿಸಿದ್ದ ಗುಡ್ಡ ಮಳೆಗೆ ಕುಸಿದು ರಸ್ತೆಬದಿಯ ಬದುಕನ್ನು ಗಂಗಾವಳಿ ನದಿಗೆ ತಳ್ಳಿತು. ಸ್ಲೇಟಿನ ಬದಲು ರಸ್ತೆ. ಬುಡ ಕಡಿದ ಗುಡ್ಡ ಮಾಡುವುದು ಎಲ್ಮ್‌ನಲ್ಲೂ ಶಿರೂರಿನಲ್ಲೂ ಒಂದೇ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಪಶ್ಚಿಮಘಟ್ಟದಲ್ಲಿ ಎಲ್ಲೆಲ್ಲಿ ಕುಸಿತ ಆಗಬಹುದೆಂದು ನಕ್ಷೆ ಮಾಡಿದೆ. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿಯ ಮಟ್ಟದಲ್ಲಿ ತಾನಾಗಿ ಲೆಕ್ಕ ಕಳಿಸುವ ಮಳೆಮಾಪಕಗಳಿವೆ. ನಕ್ಷೆ ಎಲ್ಲಿ ಎಂದು ಹೇಳುತ್ತದೆ, ಮಳೆಮಾಪಕ ಎಷ್ಟು ಎಂದು ಹೇಳುತ್ತದೆ. ಯಾವಾಗ ಮನೆ ಬಿಟ್ಟು ಹೊರಡಬೇಕು ಎಂಬುದನ್ನು ಹೇಳಲು ಈ ಎರಡನ್ನೂ ಒಂದೊಂದು ಗುಡ್ಡದ ಮಟ್ಟಕ್ಕೆ ಇಳಿಸಬೇಕು, ಬಿರುಕು ಅಗಲವಾಗುತ್ತಿದೆಯೇ ಎಂದು ಮಳೆಗಾಲವಿಡೀ ಅಳೆಯಬೇಕು. ಬಂದ ಉತ್ತರವನ್ನು ರಾತ್ರಿ ಎರಡು ಗಂಟೆಗೂ ಆ ಊರಿನವರಿಗೆ ಅವರ ಮಾತಿನಲ್ಲಿ, ಅವರು ನಂಬುವ ಒಬ್ಬರ ಬಾಯಿಂದ ಮುಟ್ಟಿಸಬೇಕು. ಸರ್ಕಾರ ಮಾಡಲಿ ಎನ್ನುತ್ತೀರಾದರೆ, ಮಾಡಲೇಬೇಕು; ಅಲ್ಲಿಯೂ ಕೊನೆಗೆ ಮಾಡಿದ್ದು ಸರ್ಕಾರವೇ, ಒಬ್ಬ ಮೇಷ್ಟ್ರು, ಒಬ್ಬ ಪ್ರಾಧ್ಯಾಪಕ, ಒಂದು ವಿದ್ಯಾರ್ಥಿ ಸಂಘ ಶುರು ಮಾಡಿದ ಮೇಲೆ. ಇಂದು ಪದವಿ ಪಡೆಯುತ್ತಿರುವವರಲ್ಲಿ ಸಿವಿಲ್ ಎಂಜಿನಿಯರುಗಳಿದ್ದೀರಿ, ಭೂವಿಜ್ಞಾನ, ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಓದಿದವರಿದ್ದೀರಿ, ಕನ್ನಡ ಎಂ.ಎ. ಮಾಡಿದವರೂ ಇದ್ದೀರಿ. ಆ ಕೆಲಸಕ್ಕೆ ನೀವಷ್ಟೂ ಮಂದಿ ಬೇಕು, ಆಲ್ಪ್ಸ್ ನೋಡಿ ಬಂದವರೂ, ಚಾರ್ಮಾಡಿ ಘಾಟಿ ದಾಟಿ ಹೊರಗೆ ಹೋಗದವರೂ.