ಎರೆ ನೆಲವೂ ಎಂಜಿನಿಯರಿಂಗ್ ವಿದ್ಯೆಯೂ

(ರೋಣ, ನರಗುಂದ, ಗಜೇಂದ್ರಗಡ ಭಾಗದ ವಿದ್ಯಾರ್ಥಿಗಳ ಹಾಗೂ ಒಕ್ಕಲಿಗರ ಮುಂದೆ ಮಾಡಿದ ಭಾಷಣ)



ವಕೀಲಿ ವೃತ್ತಿಯವರಾದ ನಾವು ಸ್ಥಾಪತ್ಯ ವಿದ್ಯೆಯನ್ನು ಕುರಿತು ಮಾತನಾಡಲು ನಿಂತಿರುವದು ಹಲವರಿಗೆ ಸೋಜಿಗವೆನಿಸಬಹುದು. ಸೇತುವೆಯ ಕಮಾನು ಎಷ್ಟು ಭಾರ ಹೊರಬಲ್ಲದೆಂಬ ಲೆಕ್ಕ ನಮಗೆ ಬಾರದು. ಆದರೆ ಸಾಕ್ಷಿಯನ್ನು ಕೇಳುವದು, ಕೇಳಿದ್ದನ್ನು ತೂಗಿ ನೋಡುವದು ನಮ್ಮ ನಿತ್ಯದ ಕೆಲಸ. ಈ ದಿನ ನಾವು ತಮ್ಮೆದುರು ಕರೆತರುವ ಸಾಕ್ಷಿಯು ಮನುಷ್ಯನಲ್ಲ, ನರಗುಂದದ ಹಗೇವು.

ಹಗೇವೆಂದರೆ ಏನೆಂದು ಇಲ್ಲಿಯ ಹಿರಿಯರಿಗೆ ಹೇಳಬೇಕಾದದ್ದಿಲ್ಲ. ಎಳೆಯರಿಗಾಗಿ ಎರಡು ಮಾತು. ಬಾಯಿ ಕಿರಿದಾಗಿ, ಹೊಟ್ಟೆ ಹಿರಿದಾಗಿ ನೆಲದೊಳಗೆ ತೋಡಿದ ಕಣಜವೇ ಹಗೇವು. ಒಳಮೈಗೆ ಹುಲ್ಲು ಹಾಸಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಕಾಳು ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಒಳಗಿನ ಪ್ರಾಣವಾಯುವು ತೀರಿಹೋಗುವದರಿಂದ ಹುಳವು ಬದುಕುತ್ತಿರಲಿಲ್ಲ. ಆಗತಾನೆ ಬಾಯಿ ತೆರೆದ ಹಗೇವಿನೊಳಗೆ ಒಮ್ಮೆಲೇ ಇಳಿಯಬಾರದೆಂದು ಹಿರಿಯರು ಹೇಳುತ್ತಿದ್ದುದೂ ಇದಕ್ಕಾಗಿಯೇ. ಬರಗಾಲದಲ್ಲಿ ಮನೆತನಗಳನ್ನು ಬದುಕಿಸಿದ ಬೊಕ್ಕಸವಿದು. ಆದರೆ ಇದೆಲ್ಲಕ್ಕೂ ಒಂದೇ ಕರಾರು: ನೆಲವು ಒಣಗಿರಬೇಕು. ಹಸಿ ತಗುಲಿದರೆ ಕಾಳು ಬೂಸು ಹಿಡಿಯುತ್ತದೆ. ಆದುದರಿಂದ ಹಗೇವು ತೋಡಿದ ಊರೆಂದರೆ ಆಳದವರೆಗೆ ಒಣಗಿದ್ದ ಊರೆಂದೇ ಅರ್ಥ. ನಮ್ಮ ಪೂರ್ವಜರು ಕಾಗದದ ಮೇಲೆ ಬರೆಯದೆ ನೆಲದಲ್ಲಿಯೇ ಬರೆದಿಟ್ಟ ದಾಖಲೆಯಿದು.

2019ರಿಂದೀಚೆಗೆ ಅದೇ ನರಗುಂದ ಪಟ್ಟಣದಲ್ಲಿ ನಡೆದುದನ್ನು ತಾವೆಲ್ಲ ಬಲ್ಲಿರಿ. ಮನೆಯೊಳಗಿನ ನೆಲವು ಇದ್ದಕ್ಕಿದ್ದಂತೆ ಕುಸಿದು ಗುಂಡಿ ಬಿದ್ದಿತು, ಓಣಿಯಲ್ಲಿ ಬಿದ್ದಿತು, ಒಂದು ಕಡೆ ಮುಚ್ಚಿದರೆ ಮತ್ತೊಂದು ಕಡೆ ಬಿದ್ದಿತು. ಮಕ್ಕಳು ಆಡುವ ಅಂಗಳವನ್ನೇ ತಾಯಂದಿರು ನಂಬದಂತಾಯಿತು. ನೆಲದಡಿಯ ನೀರು ಏರಿರುವದು, ಮುಚ್ಚಿ ಮರೆತ ಹಗೇವುಗಳ ಗೋಡೆ ನೆನೆದು ಸಡಿಲಾಗಿರುವದು, ಇವೆರಡೂ ಕೂಡಿದ ಫಲವಿದೆಂದು ಬಂದು ನೋಡಿದವರು ಹೇಳಿದರು. ಒಣ ನೆಲಕ್ಕಾಗಿ ಮಾಡಿದ ವಸ್ತುವು ತೊಯ್ದ ನೆಲದಲ್ಲಿ ನಿಲ್ಲಲಾರದೆ ಹೋಯಿತು. ಸಾಕ್ಷಿಯ ಹೇಳಿಕೆ ಇಷ್ಟೇ: ಎರಡು ತಲೆಮಾರಿನೊಳಗೆ ಈ ಊರಿನ ಅಡಿಪಾಯದ ಸ್ಥಿತಿಯೇ ಬದಲಾಯಿತು, ಮನೆಯೊಡೆಯನಿಗೆ ಅದು ತಿಳಿದದ್ದು ನೆಲವು ಬಾಯಿ ತೆರೆದ ದಿವಸ.

ನೀರು ಎಲ್ಲಿಂದ ಬಂದಿತು? ಪಶ್ಚಿಮ ಘಟ್ಟದ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಗೆ ಸವದತ್ತಿ ಸೀಮೆಯ ನವಿಲುತೀರ್ಥದಲ್ಲಿ ಆಣೆಕಟ್ಟು ಕಟ್ಟಿ, 37.73 ಟಿಎಂಸಿ ನೀರು ಹಿಡಿಯುವ ಜಲಾಶಯವನ್ನು ಮಾಡಿ, 1970ರ ದಶಕದಿಂದ ಕಾಲುವೆಗಳ ಮೂಲಕ ಈ ಎರೆ ಸೀಮೆಗೆ ನೀರನ್ನು ತರಲಾಯಿತು. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆಯನ್ನು ನಂಬಿ ಜೋಳ, ಕಡಲೆ, ಹತ್ತಿ ಬೆಳೆಯುತ್ತಿದ್ದ ಒಕ್ಕಲಿಗನಿಗೆ ಅದು ಭಾಗ್ಯವೇ ಸರಿ. ನೀರು ಬೇಡವೆಂದು ನಾವು ಹೇಳುತ್ತಿಲ್ಲ. 2015ರಲ್ಲಿ ಮಹದಾಯಿಯ ನೀರಿಗಾಗಿ ಇದೇ ನರಗುಂದವು ಚಳವಳಿ ಹೂಡಿತು. 2018ರ ಅಗಸ್ಟ್ 14ರಂದು ನ್ಯಾಯಾಧಿಕರಣವು ಕರ್ನಾಟಕಕ್ಕೆ 13.42 ಟಿಎಂಸಿಯನ್ನು ಗೊತ್ತುಮಾಡಿತು. ಅದರಲ್ಲಿ ಕಳಸಾ, ಬಂಡೂರಿಗಳಿಂದ ಮಲಪ್ರಭೆಗೆ ತಿರುಗಿಸಲು ಒಪ್ಪಿದ್ದು 3.9 ಟಿಎಂಸಿ. ನ್ಯಾಯಪೀಠವು ನೀರಿನ ಪಾಲನ್ನು ಹಂಚಬಲ್ಲದು. ಹಂಚಿದ ನೀರು ಹೊಲಕ್ಕೆ ಬಂದ ಮೇಲೆ ಏನು ಮಾಡುತ್ತದೆಂಬದನ್ನು ಹೇಳುವ ಪೀಠ ಬೇರೆ ಇದೆ, ಅದು ವಿದ್ಯಾಲಯ.

ಎರೆ ಮಣ್ಣಿನ ಗುಣವನ್ನು ಒಂದಿಷ್ಟು ನೋಡೋಣ. ಅದು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಅದರ ಸೂಕ್ಷ್ಮವಾದ ಜೇಡಿಯ ಪದರುಗಳ ನಡುವೆ ನೀರು ಸೇರಿಕೊಳ್ಳುವದೇ ಇದಕ್ಕೆ ಕಾರಣ. ತೊಯ್ದ ಬಳಿಕ ಅದರೊಳಗಿಂದ ನೀರು ಬಸಿದುಹೋಗುವದು ಬಹಳ ನಿಧಾನ. ಹೊಲಕ್ಕೆ ಹಾಯಿಸಿದ ನೀರಿನಲ್ಲಿ ಬೆಳೆಯು ಕುಡಿದುಳಿದದ್ದು ಕೆಳಗಿಳಿದು, ಹೋಗಲು ದಾರಿಯಿಲ್ಲದೆ ಅಲ್ಲಿಯೇ ನಿಂತು, ವರ್ಷದಿಂದ ವರ್ಷಕ್ಕೆ ಮೇಲೇರುತ್ತದೆ. ನೆಲದ ಮೈಯಿಂದ ಒಂದೆರಡು ಮೀಟರಿನಷ್ಟು ಹತ್ತಿರ ಬಂದಿತೆಂದರೆ ದೀಪದ ಬತ್ತಿಯು ಎಣ್ಣೆಯನ್ನು ಹೀರುವಂತೆ ಮಣ್ಣು ಆ ನೀರನ್ನು ಮೇಲಕ್ಕೆ ಹೀರುತ್ತದೆ. ಬಿಸಿಲಿಗೆ ನೀರು ಆವಿಯಾಗಿ ಹೋಗುತ್ತದೆ. ಅದರಲ್ಲಿ ಕರಗಿದ ಉಪ್ಪು ಉಳಿಯುತ್ತದೆ. ಇದನ್ನೇ ನಮ್ಮವರು ಸವಳು, ಜವಳು ಎನ್ನುವರು. ಹೊಲದಲ್ಲಿ ಉಪ್ಪಾಗಿ ಕಾಣುವ ರೋಗವೂ ಊರಿನಲ್ಲಿ ಕುಸಿತವಾಗಿ ಕಾಣುವ ರೋಗವೂ ಏರಿದ ನೀರಿನ ಸಂತಾನವೇ.

ಈ ಸಂಗತಿಯು ಮೊದಲೇ ಯಾರಿಗೂ ತಿಳಿದಿರಲಿಲ್ಲವೇ? ತಿಳಿದಿತ್ತು. ಧಾರವಾಡವು ಮುಂಬಯಿ ಇಲಾಖೆಯಲ್ಲಿದ್ದ ಕಾಲಕ್ಕೆ, ಅದೇ ಇಲಾಖೆಯ ನೀರಾ ನದಿಯ ಕಾಲುವೆಯ ಕೆಳಗೆ ಕಪ್ಪು ನೆಲವು ಉಪ್ಪೇರಿ ಕೆಟ್ಟಿತು. ಪುಣೆಯ ಕೃಷಿ ಕಾಲೇಜಿನ ಹೆರಾಲ್ಡ್ ಮ್ಯಾನ್ ಮತ್ತು ತಮ್ಹಾಣೆ ಎಂಬವರು ಅದನ್ನು ಪರೀಕ್ಷಿಸಿ 1910ರಲ್ಲಿಯೇ ವರದಿಯನ್ನು ಅಚ್ಚು ಹಾಕಿಸಿದರು. ಅದಕ್ಕೂ ಮುಂಚೆ, ಮುದ್ದೇನಹಳ್ಳಿಯಲ್ಲಿ ಹುಟ್ಟಿ 1883ರಲ್ಲಿ ಪುಣೆಯಲ್ಲಿ ಎಂಜಿನಿಯರಿಂಗ್ ಪರೀಕ್ಷೆ ಮುಗಿಸಿ 1884ರಲ್ಲಿ ಮುಂಬಯಿ ಸರಕಾರದ ಸೇವೆಗೆ ಸೇರಿದ ವಿಶ್ವೇಶ್ವರಯ್ಯನವರು, ಒಂದೇ ಕಡೆ ನೀರು ಸುರಿಯದೆ ಹಲವು ಹಳ್ಳಿಗಳಿಗೆ ಸರದಿಯಿಂದ ಹಂಚುವ ಬ್ಲಾಕ್ ಪದ್ಧತಿಯನ್ನು ನೀರಾ ಕಾಲುವೆಯ ಮೇಲೆಯೇ ಹೂಡಿದ್ದರು. ನವಿಲುತೀರ್ಥದ ನೀರು ಹರಿಯುವದಕ್ಕೆ ಆರು ದಶಕ ಮೊದಲೇ ಜ್ಞಾನವಿತ್ತು. ಆದರೆ ಅದು ವರದಿಯ ಪುಟದಲ್ಲಿಯೇ ಉಳಿಯಿತು. ರೋಣದ ರೈತನ ಕಿವಿಗೆ ಬೀಳಲಿಲ್ಲ. ನೀರು ತರುವ ವಿದ್ಯೆಗೆ ಸಿಕ್ಕ ಮನ್ನಣೆಯು ನೀರು ಬಸಿಯುವ ವಿದ್ಯೆಗೆ ಸಿಗಲಿಲ್ಲ. ಆಣೆಕಟ್ಟಿಗೆ ಉದ್ಘಾಟನೆಯುಂಟು, ಬಸಿಗಾಲುವೆಗೆ ಹಾರ ಹಾಕುವವರಾರು?

ಇದರ ಬೆಲೆಯನ್ನು ಯಾರು ತೆತ್ತರೆಂದು ನೋಡಿರಿ. ನೀರಾವರಿಯಿಂದ ನೆಲದ ಬೆಲೆ ಹೆಚ್ಚಿತೆಂದು ಸರಕಾರವು ಅಭಿವೃದ್ಧಿ ಕರ ಹೇರಿದಾಗ ನರಗುಂದ ನವಲಗುಂದಗಳ ರೈತರು ಎದ್ದುನಿಂತರು. 1980ರ ಜುಲೈ 21ರಂದು ಗೋಲೀಬಾರಾಯಿತು, ರೈತರ ಪ್ರಾಣ ಹೋಯಿತು. ಬಾಬಾಸಾಹೇಬನು 1858ರಲ್ಲಿ ಪರಸತ್ತೆಯ ವಿರುದ್ಧ ಕತ್ತಿಯೆತ್ತಿದ ಊರಿನಲ್ಲಿ, ಸ್ವರಾಜ್ಯದ ಕಾಲದಲ್ಲಿ, ನೀರಿನ ಲೆಕ್ಕಕ್ಕಾಗಿ ರಕ್ತ ಹರಿಯಿತು. ನೆಲದ ಬೆಲೆ ಹೆಚ್ಚಿತೋ ಇಳಿಯಿತೋ ಎಂಬುದನ್ನು ಹೊಲಹೊಲವಾಗಿ ಅಳೆದು ತೋರಿಸುವ ಶಾಸ್ತ್ರವು ರೈತನ ಪಕ್ಷದಲ್ಲಿ ನಿಂತಿದ್ದರೆ ಆ ವಾದವು ಬೀದಿಗೆ ಬರುವ ಮೊದಲೇ ಮೇಜಿನ ಮೇಲೆ ನಡೆಯಬಹುದಿತ್ತೆಂದು ನಮ್ಮ ಎಣಿಕೆ.

ಸಂಶೋಧನೆಯು ಮನಸ್ಸು ಮಾಡಿದರೆ ಎಷ್ಟು ಉಪಕಾರ ಮಾಡಬಲ್ಲದೆಂಬುದಕ್ಕೂ ಈ ನೆಲದಲ್ಲಿಯೇ ದೃಷ್ಟಾಂತವಿದೆ. ಎರೆ ನೆಲದಲ್ಲಿ ಕಾಲುವೆಗೆ ಕಲ್ಲು ಕಾಂಕ್ರೀಟು ಹೊದಿಸಿದರೆ ಮಣ್ಣು ಉಬ್ಬಿ ಅದನ್ನು ಒಡೆಯುತ್ತಿತ್ತು. ಮುಂಬಯಿಯ ಐಐಟಿಯಲ್ಲಿ ಪ್ರಾಧ್ಯಾಪಕರಾಗಿದ್ದ ಆರ್. ಕೆ. ಕಟ್ಟಿಯವರು ಈ ಮಣ್ಣನ್ನು ವರ್ಷಗಟ್ಟಲೆ ಪರೀಕ್ಷಿಸಿದರು. ಮೇಲಿನ ಸುಮಾರು ಒಂದು ಮೀಟರಿನಷ್ಟು ಮಣ್ಣು ಮಾತ್ರ ಉಬ್ಬಿ ಕುಗ್ಗುತ್ತದೆ, ಅದರ ಕೆಳಗಿನದು ಬಹುಮಟ್ಟಿಗೆ ಸುಮ್ಮನಿರುತ್ತದೆ ಎಂಬುದನ್ನು ಕಂಡರು. ಹಾಗಾದರೆ ಎರೆ ಮಣ್ಣಿನ ಮೇಲೆ ಅಂಟುಳ್ಳ, ಆದರೆ ಉಬ್ಬದ ಗರಸಿನಂಥ ಮಣ್ಣಿನ ಹಾಸನ್ನು ಹಾಕಿ, ಆಮೇಲೆ ಕಾಲುವೆಯ ಹೊದಿಕೆಯನ್ನು ಕಟ್ಟಿದರೆ ಹೇಗೆ? ಆ ಯುಕ್ತಿಯು ಫಲಿಸಿತು. ಮಲಪ್ರಭೆಯ ಕಾಲುವೆಯಲ್ಲಿಯೂ ಬಳಕೆಗೆ ಬಂದಿತು. ಉಬ್ಬುವ ನೆಲದಲ್ಲಿ ಕಾಲುವೆ ಕಟ್ಟುವ ಭಾರತೀಯ ಮಾನಕದಲ್ಲಿಯೂ ಸೇರಿತು. ಪರದೇಶದ ಯಂತ್ರವನ್ನು ತರಿಸಲಿಲ್ಲ. ಗರಸು ನಮ್ಮ ಗುಡ್ಡದ್ದೇ. ಅದನ್ನು ಎಲ್ಲಿ, ಎಷ್ಟು ದಪ್ಪ ಹಾಕಬೇಕೆಂಬ ಅರಿವಷ್ಟೇ ಹೊಸದು. ನಿಜವಾದ ಸಂಶೋಧನೆಯೆಂದರೆ ಇದು: ಸ್ಥಳದ ಮಣ್ಣಿಗೆ ಸ್ಥಳದ ಔಷಧ.

ಮಿತ್ರರೇ, ಗದಗ ಜಿಲ್ಲೆಯ ಈ ಮೂರು ತಾಲೂಕುಗಳಷ್ಟು ದೊಡ್ಡ ಪ್ರಯೋಗಶಾಲೆಯನ್ನು ಯಾವ ಕಾಲೇಜೂ ಕಟ್ಟಲಾರದು. ನರಗುಂದದಲ್ಲಿ ಏರುವ ನೀರಿನ ಪಾಠವಿದೆ. ರೋಣದಲ್ಲಿ ನುಗ್ಗುವ ನೀರಿನ ಪಾಠವಿದೆ: 2009ರಲ್ಲಿಯೂ 2019ರ ಅಗಸ್ಟಿನಲ್ಲಿಯೂ ಮಲಪ್ರಭೆ ಬೆಣ್ಣೆಹಳ್ಳಗಳು ಉಕ್ಕಿ ಹೊಳೆಆಲೂರಿನ ಸುತ್ತಿನ ಹಳ್ಳಿಗಳನ್ನೂ, ಆಚೆ ನರಗುಂದ ತಾಲೂಕಿನ ಕೊಣ್ಣೂರನ್ನೂ ಮುಳುಗಿಸಿದವು. ಬೇಸಿಗೆಯಲ್ಲಿ ಮರಳು ಕಾಣುವ ಹಳ್ಳವು ಮಳೆಗಾಲದಲ್ಲಿ ಊರು ನುಂಗುವದೇಕೆಂದು ಅಳೆಯಲು ಇದಕ್ಕಿಂತ ಬೇರೆ ಸ್ಥಳ ಬೇಕೇ? ಇನ್ನು ಗಜೇಂದ್ರಗಡದಲ್ಲಿ ಸಿಗದ ನೀರಿನ ಪಾಠವಿದೆ. ಅಲ್ಲಿಯ ಕಾಲಕಾಲೇಶ್ವರನ ಸನ್ನಿಧಿಯಲ್ಲಿ ಬಂಡೆಯ ಸಂದಿನಿಂದ ಅಂತರಗಂಗೆಯು ಬೇಸಿಗೆಯಲ್ಲಿಯೂ ಇಳಿಯುತ್ತಿರುತ್ತದೆ. ಗುಡ್ಡವು ಮಳೆಯನ್ನು ಹೇಗೆ ಹಿಡಿದಿಟ್ಟು ಹನಿಹನಿಯಾಗಿ ಬಿಡುತ್ತದೆಂದು ಭಕ್ತಿಯಿಂದ ಕೈಮುಗಿದವರು ಬಹಳ. ಬುದ್ಧಿಯಿಂದ ಕೇಳುವವರೂ ಬೇಕು. ಸಮೀಪದ ಸೂಡಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ನಾಗಕುಂಡವಿದೆ. ಆ ಮೆಟ್ಟಿಲು ಬಾವಿಯನ್ನು ಕಟ್ಟಿದ ಸ್ಥಪತಿಯೂ ಎಂಜಿನಿಯರನೇ. ನೀರಿನ ಮಟ್ಟವು ಏರಿಳಿದರೂ ಮನುಷ್ಯನ ಕೈಗೆ ನೀರು ಎಟಕುವಂತೆ ಅವನು ಕಟ್ಟಿದನು.

ಒಂದು ಕಾಲಕ್ಕೆ ಈ ವಿದ್ಯೆಗಾಗಿ ನಮ್ಮ ತರುಣರು 1854ರಲ್ಲಿ ಆರಂಭವಾದ ಪುಣೆಯ ಶಾಲೆಗೇ ಹೋಗಬೇಕಾಗಿತ್ತು. 1917ರಲ್ಲಿ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ಆದರೂ ಅದು ಆಗ ಬೇರೆ ಸಂಸ್ಥಾನದ್ದು. ಹರಿದು ಹಂಚಿಹೋದ ಕನ್ನಡನಾಡಿನ ದುಃಖಗಳಲ್ಲಿ ಇದೂ ಒಂದಾಗಿತ್ತು. 1947ರಲ್ಲಿ ಹುಬ್ಬಳ್ಳಿಯಲ್ಲಿ ಭೂಮರಡ್ಡಿ ಕಾಲೇಜು ಹುಟ್ಟಿತು. 1956ರ ನವೆಂಬರ್ 1ರಂದು ನಾಡು ಒಂದಾಯಿತು. 1963ರಲ್ಲಿ ಬಾಗಲಕೋಟೆಯಲ್ಲಿ ಬಸವೇಶ್ವರ ಕಾಲೇಜು, 1997ರಲ್ಲಿ ಗದುಗಿನಲ್ಲಿ ತೋಂಟದಾರ್ಯ ಕಾಲೇಜು, 2016ರಲ್ಲಿ ಧಾರವಾಡದಲ್ಲಿ ಐಐಟಿ ಬಂದವು. ನೀರು ಮತ್ತು ನೆಲದ ನಿರ್ವಹಣೆಗೆಂದೇ ವಾಲ್ಮಿ ಸಂಸ್ಥೆಯು ಧಾರವಾಡದಲ್ಲಿದೆ. ಈಗ ಗುರುಮನೆ ದೂರವಿಲ್ಲ. ದೂರವಿರುವದು ಗುರುಮನೆಗೂ ಹೊಲಕ್ಕೂ ನಡುವಿನ ಹಾದಿ.

ಆ ಹಾದಿಯಲ್ಲಿ ಮೊದಲಿನ ಅಡ್ಡಿಯು ಭಾಷೆ. 2021ರಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯು ಕನ್ನಡವೂ ಸೇರಿ ದೇಶಭಾಷೆಗಳಲ್ಲಿ ಎಂಜಿನಿಯರಿಂಗ್ ಕಲಿಸಲು ಒಪ್ಪಿಗೆ ಕೊಟ್ಟಿತು. ನಮ್ಮ ನಾಡಿನಲ್ಲಿ ಆ ತರಗತಿಗೆ ಮುಂದೆ ಬಂದವರು ಅತ್ಯಲ್ಪ. ನೌಕರಿಯ ಭಯದಿಂದ ಹಿಂಜರಿದ ತಂದೆತಾಯಿಗಳನ್ನು ನಾವು ದೂಷಿಸಲಾರೆವು. ಪದವಿಯ ಪಾಠವು ಯಾವ ಭಾಷೆಯಲ್ಲಾದರೂ ಇರಲಿ. ಆದರೆ ನರಗುಂದದ ಮಣ್ಣನ್ನು ಕುರಿತು ಬರೆದ ಪ್ರಬಂಧದ ಸಾರವು ನರಗುಂದದವರಿಗೆ ಕನ್ನಡದಲ್ಲಿ ದೊರೆಯಬೇಕೆಂದು ಕೇಳುವದು ಹಟವಲ್ಲ, ಹಕ್ಕು. ಎರೆ, ಮಸಾರಿ, ಗರಸು, ಸವಳು, ಜವಳು, ಒಡ್ಡು, ಬಸಿಗಾಲುವೆ: ಒಕ್ಕಲಿಗನ ಬಾಯಲ್ಲಿ ಇಷ್ಟು ಶಾಸ್ತ್ರವಿರುವಾಗ ಕನ್ನಡಕ್ಕೆ ಶಬ್ದದ ಬಡತನವೆಂದು ಹೇಳುವವರು ಹೊಲಕ್ಕೆ ಹೋಗಿಲ್ಲವೆಂದಷ್ಟೇ ತಿಳಿಯಬೇಕು.

ನಾವು ಕೇಳುವದು ಮೂರೇ ಕೆಲಸ. ಮೊದಲನೆಯದು, ಈ ಭಾಗದ ಪ್ರತಿಯೊಂದು ಶಾಲೆಯ ಮಕ್ಕಳು ಊರಿನ ಒಂದೆರಡು ಬಾವಿಗಳ ನೀರಿನ ಮಟ್ಟವನ್ನು ತಿಂಗಳಿಗೊಮ್ಮೆ ಹಗ್ಗ ಬಿಟ್ಟು ಅಳೆದು, ಪಂಚಾಯತಿಯ ಗೋಡೆಯ ಮೇಲೆ ಬರೆಯಲಿ. ಇದಕ್ಕೆ ಬೇಕಾದದ್ದು ಹಗ್ಗ, ಕಲ್ಲು ಮತ್ತು ನಿಯಮ. ಮಣ್ಣಿನ ಯಂತ್ರಶಾಸ್ತ್ರದ ಮೂಲಪುರುಷನಾದ ಟೆರ್ಜಾಗಿಯು ಇಸ್ತಾಂಬುಲಿನಲ್ಲಿ ಕಲಿಸುತ್ತಿದ್ದಾಗ ಕೈಗೆ ಸಿಕ್ಕ ಸಾಧಾರಣ ಸಾಮಗ್ರಿಗಳಿಂದಲೇ ಪ್ರಯೋಗ ಮಾಡಿ 1925ರಲ್ಲಿ ತನ್ನ ಗ್ರಂಥವನ್ನು ಹೊರತಂದನು. ಮಣ್ಣಿನ ಸಂದುಗಳಲ್ಲಿ ನೀರಿನ ಒತ್ತಡ ಹೆಚ್ಚಿದಂತೆ ಕಣಕಣಗಳ ನಡುವಿನ ಹಿಡಿತ ಕಡಿಮೆಯಾಗುತ್ತದೆಂದು ಅವನು ತೋರಿಸಿದ ತತ್ವವೇ ನರಗುಂದದ ಹಗೇವು ಏಕೆ ಕುಸಿಯಿತೆಂಬುದಕ್ಕೆ ಬಹುಪಾಲು ಉತ್ತರ. ಎರಡನೆಯದು, ಹಿರಿಯರ ನೆನಪು ಮಾಸುವದಕ್ಕಿಂತ ಮುಂಚೆ ಊರಿನ ಹಗೇವುಗಳ ನಕಾಶೆಯಾಗಲಿ. ಎಂಜಿನಿಯರಿಂಗ್ ವಿದ್ಯಾರ್ಥಿಯು ಉಪಕರಣ ಹಿಡಿದು ಬರಲಿ, ಅಜ್ಜನು ಬೆರಳು ಮಾಡಿ ತೋರಿಸಲಿ. ಮೂರನೆಯದು, ನೀರಿನ ಯೋಜನೆ ಬಂದಾಗ ಎಷ್ಟು ಟಿಎಂಸಿ ಬರುತ್ತದೆಂದು ಕೇಳುವಂತೆಯೇ, ಮಿಕ್ಕದ್ದು ಬಸಿದು ಎಲ್ಲಿಗೆ ಹೋಗುತ್ತದೆಂದೂ ನಾವು ಕೇಳೋಣ. ಆ ಪ್ರಶ್ನೆಗೆ ನಕಾಶೆಸಹಿತ ಉತ್ತರ ಬರುವವರೆಗೆ ಯೋಜನೆಯು ಅರ್ಧವೇ ಆಯಿತೆಂದು ತಿಳಿಯೋಣ.

ವಿದ್ಯಾರ್ಥಿ ಮಿತ್ರರೇ, ತಮ್ಮಲ್ಲಿ ಕೆಲವರು ನಾಳೆ ಎಂಜಿನಿಯರರಾಗಿ ಬೆಂಗಳೂರಿಗೋ ಅದರಾಚೆಗೋ ಹೋಗುವಿರಿ. ಹೋಗಬಾರದೆಂದು ನಾವು ಹೇಳೆವು. ಆದರೆ ಹೋಗುವ ಮುಂಚೆ ತಮ್ಮ ಹೊಲದ ಒಂದು ಬುಟ್ಟಿ ಮಣ್ಣನ್ನು ಕಾಲೇಜಿನ ಪ್ರಯೋಗಶಾಲೆಗೆ ಒಯ್ದು, ಅದರ ಉಪ್ಪೆಷ್ಟು, ಉಬ್ಬೆಷ್ಟು ಎಂದು ಅಳೆದು, ಫಲವನ್ನು ಮನೆಯವರಿಗೆ ಅವರ ಮಾತಿನಲ್ಲಿಯೇ ತಿಳಿಸಿರಿ. ಮುಂದಿನ ಮುಂಗಾರಿಗೆ ಯಾವ ಬೆಳೆ ಹಾಕಬೇಕು, ಎಲ್ಲಿ ಬಸಿಗಾಲುವೆ ತೆಗೆಯಬೇಕೆಂಬ ವಿಚಾರವು ಆ ದಿವಸ ತಮ್ಮ ಕಟ್ಟೆಯ ಮೇಲೆಯೇ ಆರಂಭವಾಗುವದು.